‘ಅರ್ಥ ಆಯ್ತಾ?’ ಅನ್ನೋದನ್ನು ಬಂದ್ ಮಾಡಿಸಿದೆ, ಆಲ್ಟರೇಶನ್ ಇಳಿಯಿತು

ಪೀಣ್ಯದ ಒಂದು ಶರ್ಟ್ ಫ್ಯಾಕ್ಟರಿಯಲ್ಲಿ ಫ್ಲೋರ್ ನೋಡಿಕೊಳ್ಳುತ್ತೇನೆ. ಸೂಪರ್‌ವೈಸರ್ ಗಡಿಬಿಡಿಯಲ್ಲಿ ಏನೋ ಹೇಳಿ ‘ಅರ್ಥ ಆಯ್ತಾ?’ ಅಂತಾರೆ. ಟೈಲರ್ ‘ಆಯ್ತು ಸರ್’ ಅಂತಾಳೆ. ಮಧ್ಯಾಹ್ನ ನೋಡಿದರೆ ಚೆಕಿಂಗ್ ಟೇಬಲ್ ಮೇಲೆ ಆಲ್ಟರೇಶನ್‌ಗೆ, ಅಂದರೆ ಬಿಚ್ಚಿ ಮತ್ತೆ ಹೊಲಿಯೋಕೆ ಬಂದ ಪೀಸುಗಳ ರಾಶಿ. ನಿಮ್ಮಲ್ಲೂ ಇದೇ ಕಥೆ ಅಲ್ವಾ?

ಮೊದಲು ಮ್ಯಾನೇಜ್‌ಮೆಂಟ್‌ನವರು ಹೋಟೆಲಿನಲ್ಲಿ ಟ್ರೇನಿಂಗ್ ಕೊಡಿಸಿದರು. ಹತ್ತಿರ ಹತ್ತಿರ 80 ಸಾವಿರ ಹೋಯಿತು. ಊಟ ಚೆನ್ನಾಗಿತ್ತು. ಆಮೇಲೆ ಮೈಕ್ ಹಾಕಿಸಿದರು, ಮೆಷಿನ್ ಸದ್ದಿಗೆ ಯಾರಿಗೂ ಕೇಳಲಿಲ್ಲ. ವಾಟ್ಸಾಪ್ ಗ್ರೂಪ್ ಮಾಡಿದರು. ಟೈಲರ್‌ಗಳ ಫೋನ್ ಲಾಕರ್‌ನಲ್ಲಿ ಇರುತ್ತೆ, ಇನ್ನು ಓದೋರು ಯಾರು?

ನಾನು ಆ ಪ್ರಶ್ನೆಯನ್ನೇ ನಿಲ್ಲಿಸಿದೆ. ಬದಲಿಗೆ ‘ಈಗ ಹೇಗೆ ಹೊಲಿತೀಯಮ್ಮ, ತೋರಿಸು’. ಇಷ್ಟೇ. ‘ಟೈಮ್ ಎಲ್ಲಿದೆ ಸರ್, ಟಾರ್ಗೆಟ್ ಯಾರು ಕೊಡ್ತಾರೆ’ ಅಂತ ಸೂಪರ್‌ವೈಸರ್‌ಗಳು ನಕ್ಕರು.

ಅಂಚಿನಿಂದ ಕಾಲು ಇಂಚು ಒಳಗಿದ್ದ ಕಫ್ ಹೊಲಿಗೆ ಹೊಸ ಆರ್ಡರ್‌ನಲ್ಲಿ ಅಂಚಿನ ಹತ್ತಿರಕ್ಕೇ, 1/16 ಇಂಚಿಗೆ ಬಂತು. ಕೊಪ್ಪಳದ ಹುಡುಗಿ ‘ಹೂಂ ಸರ್’ ಅಂದಳು. ತೋರಿಸು ಅಂದೆ. ಸೊಗಸಾಗಿ ಕಾಲು ಇಂಚಿಗೇ ಹೊಲಿದಳು! ಯಾಕಮ್ಮ ಅಂದರೆ, ‘ಫೂಟ್ ಹಳೇದೇ ಐತ್ರಿ, ಮೆಕ್ಯಾನಿಕ್ ಬಂದೇ ಇಲ್ಲ’. ಫೂಟ್ ಅಂದರೆ ಬಟ್ಟೆಯನ್ನು ಒತ್ತಿ ಹಿಡಿದು ಹೊಲಿಗೆಗೆ ಅಳತೆ ಕೊಡುವ ಮೆಷಿನ್ ಭಾಗ. ಬೆಳಿಗ್ಗೆಯಿಂದ ಅವಳಿಗೆ ಗೊತ್ತಿತ್ತು. ಕೇಳಿದವರು ಯಾರೂ ಇರಲಿಲ್ಲ. ನಾಲ್ಕೈದು ಪೀಸಿಗೇ ಸಿಕ್ಕಿಬಿತ್ತು, ಇಲ್ಲದಿದ್ದರೆ ಬಂಡಲ್‌ಗಟ್ಟಲೆ ಬಿಚ್ಚಬೇಕಿತ್ತು.

ನೂರಕ್ಕೆ ಹನ್ನೊಂದು-ಹನ್ನೆರಡು ಪೀಸ್ ವಾಪಸ್ ಬರುತ್ತಿದ್ದ ಲೈನ್‌ನಲ್ಲಿ ಈಗ ಐದರ ಆಸುಪಾಸು. ಬಿಚ್ಚಿ ಹೊಲಿಯೋಕೆ ಸಂಜೆ ಕೂರಿಸಿದರೆ ಓವರ್‌ಟೈಮ್‌ಗೆ ಡಬಲ್ ರೇಟ್, ಕಾನೂನಿನಲ್ಲೇ ಇದೆ. ನನ್ನ ಲೆಕ್ಕದಲ್ಲಿ ಲೈನ್‌ಗೆ ತಿಂಗಳಿಗೆ 20 ಸಾವಿರದ ಮೇಲೆ ಉಳಿಯುತ್ತಿದೆ. ನಕ್ಕವರೇ ಈಗ ಪಕ್ಕದ ಫ್ಲೋರಿಗೂ ಹೇಳಿಕೊಡಿ ಅಂತಾರೆ.

ನಡುವೆ ಒಂದು ಪ್ರಯೋಗ ಕೈಕೊಟ್ಟಿತು. ಒಡಿಶಾ ಹುಡುಗಿಯರಿಗೆ ಕನ್ನಡ ಬರಲ್ಲ, ನಮ್ಮವರ ಹಿಂದಿ ಅಷ್ಟಕ್ಕಷ್ಟೇ. ಸರಿ ಪೀಸ್, ತಪ್ಪು ಪೀಸ್ ಎರಡನ್ನೂ ಲೈನ್ ಮುಂದೆ ನೇತುಹಾಕಿದೆ. ಇಬ್ಬರು ತಪ್ಪು ಪೀಸನ್ನೇ ನೋಡಿಕೊಂಡು ಹೊಲಿದರು! ಈಗ ಸರಿಯಿದ್ದದ್ದು ಮಾತ್ರ ನೇತಾಡುತ್ತೆ.

ಕೂಗಾಡುವ ಸೂಪರ್‌ವೈಸರ್‌ನನ್ನು ಹೇಗೆ ದಾರಿಗೆ ತಂದೆ ಅಂತ ಇಲ್ಲಿ ಬರೆಯಲ್ಲ, ಅವರೂ ಇದನ್ನು ಓದ್ತಾರೆ. ಬಟ್ಟೆ ಕತ್ತರಿಸುವ ಕಟಿಂಗ್ ವಿಭಾಗದಲ್ಲಿ ಮಾತ್ರ ಈ ‘ತೋರಿಸು’ ಇನ್ನೂ ಹತ್ತಿಲ್ಲ. ಹಳೇ ಮಾಸ್ಟರ್‌ಗೆ ‘ತೋರಿಸಿ’ ಅಂದರೆ ಸಿಟ್ಟು. ಲೇ ಹಾಕುವ, ಅಂದರೆ ಕತ್ತರಿಸೋಕೆ ಬಟ್ಟೆಯನ್ನು ಪದರ ಪದರವಾಗಿ ಹಾಸುವ ಮುಂಚೆ ‘ಈ ಹುಡುಗನಿಗೆ ಸ್ವಲ್ಪ ಹೇಳಿಕೊಡಿ ಮಾಸ್ಟ್ರೇ’ ಅಂತ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೇನೆ.