ಗದ್ದೆಗೊಂದು ಪೈಪ್ ಹೂಳಿ, ನೀರಿನ ಲೆಕ್ಕ ಮನೆಯ ಹೆಂಗಸರ, ಹುಡುಗ ಹುಡುಗಿಯರ ಕೈಗೆ ಕೊಡಿ

ಹವಾಮಾನಕ್ಕೆ ಹೊಂದಿಕೊಳ್ಳುವ ಕೃಷಿ ಅಂದ ತಕ್ಷಣ ದೊಡ್ಡ ಖರ್ಚು ಅಂತ ಹೆದರಬೇಡಿ. ಭತ್ತ ಬೆಳೆಯುವವರು ಗದ್ದೆಯ ನೀರಿನ ಮಟ್ಟ ನೋಡುವ ಒಂದು ಪೈಪಿನಿಂದ ಶುರು ಮಾಡಬಹುದು.

30 ಸೆಂಟಿಮೀಟರ್ ಉದ್ದದ, ಒಳಗೆ ಕೈ ಹೋಗುವಷ್ಟು ಅಗಲದ ಪ್ಲಾಸ್ಟಿಕ್ ಪೈಪ್ ಸಾಕು. ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆದು, ಅಷ್ಟು ಭಾಗವನ್ನು ಬದುವಿನ ಹತ್ತಿರ ಹೂಳಿ, ಒಳಗಿನ ಮಣ್ಣು ತೆಗೆಯಿರಿ. ನಾಟಿಯಾಗಿ ಎರಡು ವಾರವಾದ ಮೇಲೆ, ಪೈಪಿನೊಳಗೆ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮಾತ್ರ ಮತ್ತೆ 5 ಸೆಂಟಿಮೀಟರ್ ನಿಲ್ಲುವಷ್ಟು ಹಾಯಿಸಿ. ಹೂ ಬಿಡುವ ಹೊತ್ತಿನಲ್ಲಿ ಒಣಗಲು ಬಿಡಲೇಬೇಡಿ, ಕಾಳು ಜೊಳ್ಳಾಗುತ್ತದೆ. ಸದಾ ನೀರು ನಿಂತ ಮಣ್ಣಿಗೆ ಗಾಳಿ ಸಿಗದೆ, ಭೂಮಿಯ ಬಿಸಿ ಹೆಚ್ಚಿಸುವ ಮೀಥೇನ್ ಅನಿಲ ಹುಟ್ಟುತ್ತದೆ, ಆಗಾಗ ಒಣಗಿಸಿದರೆ ಅದು ಕಡಿಮೆಯಾಗುತ್ತದೆ, ನೀರೂ ಉಳಿಯುತ್ತದೆ.

ಈಗ ಮುಖ್ಯ ಮಾತು. ನೀರು ಕಡಿಮೆಯಾದರೆ ಕಳೆ ಜಾಸ್ತಿ. ಕಳೆ ಕೀಳುವವರು ಹೆಚ್ಚಿನ ಕಡೆ ಹೆಂಗಸರೇ ಅಲ್ವಾ? ಅವರನ್ನು ಕೇಳದೆ ಈ ಪದ್ಧತಿ ತಂದರೆ ಉಳಿದ ನೀರಿನ ಲಾಭ ಒಬ್ಬರಿಗೆ, ಬೆನ್ನುನೋವು ಇನ್ನೊಬ್ಬರಿಗೆ. ಹಾಗಾಗಿ ಮೊದಲೇ ಕೂತು ಮಾತಾಡಿ, ತಳ್ಳುವ ಕಳೆ ಯಂತ್ರ ತರುವುದಾದರೆ ಅದರ ತೂಕ, ಹಿಡಿಯ ಎತ್ತರವನ್ನು ಬಳಸುವವರೇ ನೋಡಿ ಆರಿಸಲಿ. ತರಬೇತಿ ಇದ್ದರೆ ಅವರಿಗೆ ಬಿಡುವಾಗುವ ಹೊತ್ತಿನಲ್ಲೇ ಇಡಿ.

ಹುಡುಗ ಹುಡುಗಿಯರಿಗೆ ಸುಮ್ನೆ ಪೈಪಿನ ನೀರಿನ ಅಳತೆ ಬರೆಯುವ ಕೆಲಸ ಕೊಟ್ಟರೆ ವಾರದಲ್ಲಿ ಬೇಸರವಾಗುತ್ತದೆ. ನೀರು ಯಾವಾಗ ಬಿಡಬೇಕು ಅನ್ನುವ ತೀರ್ಮಾನವೂ ಅವರದ್ದೇ ಆಗಲಿ, ಉಳಿದ ದುಡ್ಡಿನಲ್ಲಿ ಪಾಲೂ ಇರಲಿ.