ಮೇಣದ ಪ್ರತಿಮೆ ಜೊತೆ ಒಳ್ಳೆ ಫೋಟೋ ತೆಗೆಯುವುದು ಹೇಗೆ?

ಮೊದಲು ಫ್ಲ್ಯಾಶ್ ಆಫ್ ಮಾಡಿ. ಮೇಣದ ಮೇಲೆ ನೇರ ಬೆಳಕು ಬಿದ್ದರೆ ಮುಖ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ, ಅಲ್ಲಿಗೆ ಫೋಟೋ ಕೆಟ್ಟಿತು. ಪ್ರತಿಮೆಯ ದೃಷ್ಟಿ ಒಂದೇ ಕಡೆ ಇರುತ್ತದೆ ಅಲ್ವಾ, ಅದು ಎಲ್ಲಿ ನೋಡುತ್ತಿದೆ ಅಂತ ಹುಡುಕಿ ಕ್ಯಾಮೆರಾವನ್ನು ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಹಿಡಿಯಿರಿ, ಆಗಲೇ ಜೀವ ಬಂದಂತೆ ಕಾಣುವುದು. ನೀವು ಪಕ್ಕದಲ್ಲಿ ಸುಮ್ನೆ ನಿಲ್ಲಬೇಡಿ, ಅದರ ಭಂಗಿಗೆ ತಕ್ಕ ಹಾಗೆ ಏನಾದರೂ ಮಾಡಿ. ಮುಟ್ಟಬಹುದಾ ಅಂತ ಸಿಬ್ಬಂದಿಯನ್ನು ಕೇಳಿ. ಕೂದಲನ್ನಂತೂ ಎಳೆಯಲೇಬೇಡಿ! ಮೇಡಂ ಟುಸ್ಸಾಡ್ಸ್‌ನಂಥ ಮೇಣದ ಮ್ಯೂಸಿಯಂಗಳಲ್ಲಿ ಅದನ್ನು ಒಂದೊಂದೇ ಎಳೆಯಾಗಿ ಚುಚ್ಚಿ ಕೂರಿಸುತ್ತಾರೆ, ಆ ಒಂದು ಕೆಲಸಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಫೋಟೋ ಆದ ಮೇಲೆ ಕಣ್ಣನ್ನೂ ಹತ್ತಿರದಿಂದ ನೋಡಿ. ಬಿಳಿ ಭಾಗದಲ್ಲಿ ಕಾಣುವ ಸಣ್ಣ ಕೆಂಪು ನರಗಳು ರೇಷ್ಮೆ ದಾರದವು.